ಕಲ್ಲಿನ ಲಿಪಿಯನ್ನು ಓದಿದ ಕುರಿಗಾಹಿ: ಜಾನ್ ಮ್ಯೂರ್

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಅಂಚಿನಲ್ಲಿರುವ ಕ್ಯಾಲಿಫೋರ್ನಿಯ ರಾಜ್ಯದ ಪೂರ್ವಭಾಗದಲ್ಲಿ, ಉತ್ತರದಿಂದ ದಕ್ಷಿಣಕ್ಕೆ ಸುಮಾರು 640 ಕಿಲೋಮೀಟರ್ ಉದ್ದಕ್ಕೆ, ಸಿಯೆರಾ ನೆವಾಡ ಎಂಬ ಪರ್ವತಶ್ರೇಣಿ ಚಾಚಿಕೊಂಡಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ಹಿಮ ಮುಸುಕಿದ ಪರ್ವತಸಾಲು ಎಂದೇ ಅರ್ಥ. ಅದರ ಪಶ್ಚಿಮದ ಇಳಿಜಾರಿನಲ್ಲಿ ಮರ್ಸೆಡ್ ನದಿ ಹರಿಯುವ ಯೊಸೆಮಿಟಿ ಕಣಿವೆಯಿದೆ. ಕಣಿವೆಯ ಉದ್ದ ಸುಮಾರು 11 ಕಿಲೋಮೀಟರ್. ನೆಲ ಹಾಸಿದಂತೆ ಸಮತಟ್ಟು. ಎರಡೂ ಪಕ್ಕಗಳಲ್ಲಿ ಗ್ರಾನೈಟ್ ಶಿಲೆಯ ಗೋಡೆಗಳು ನೆಟ್ಟಗೆ ಎದ್ದು ನಿಂತಿವೆ. ಎಲ್ ಕ್ಯಾಪಿಟನ್ ಎಂಬ ಬಂಡೆಯೊಂದೇ ಕಣಿವೆಯ ನೆಲದಿಂದ ಸುಮಾರು 900 ಮೀಟರ್ ಎತ್ತರವಿದೆ. ಅರ್ಧಗೋಳದಂತೆ ಕಾಣುವ ಹಾಫ್ ಡೋಮ್ ಶಿಖರ ಸಮುದ್ರಮಟ್ಟದಿಂದ 2,694 ಮೀಟರ್ ಎತ್ತರದಲ್ಲಿದೆ. ಮೂರು ಹಂತಗಳಲ್ಲಿ ಧುಮುಕುವ ಯೊಸೆಮಿಟಿ ಜಲಪಾತದ ಒಟ್ಟು ಎತ್ತರ 739 ಮೀಟರ್. ಇಂದು ಇದು ಜಗತ್ಪ್ರಸಿದ್ಧ ರಾಷ್ಟ್ರೀಯ ಉದ್ಯಾನ. ವರ್ಷಕ್ಕೆ ಲಕ್ಷಾಂತರ ಪ್ರವಾಸಿಗರು ಅಲ್ಲಿಗೆ ಹೋಗಿಬರುತ್ತಾರೆ.

ಹೀಗೆ ಹೋದವರಲ್ಲಿ ಹೆಚ್ಚಿನವರು ನೋಡಿ ಬೆರಗಾಗಿ ಹಿಂದಿರುಗುತ್ತಾರೆ. ಈ ಗೋಡೆಗಳನ್ನು ಕಡೆದದ್ದು ಯಾವುದು, ಜಲಪಾತಗಳು ಏಕೆ ಇಷ್ಟು ಎತ್ತರದಿಂದ ಬೀಳುತ್ತವೆ ಎಂಬ ಪ್ರಶ್ನೆಯನ್ನು ಹಿಡಿದು, ಅದಕ್ಕೆ ಉತ್ತರ ಸಿಗುವವರೆಗೆ ಅಲ್ಲಿಂದ ಕದಲದೆ ಕುಳಿತವನು ಒಬ್ಬ. ಅವನ ಹೆಸರು ಜಾನ್ ಮ್ಯೂರ್. ಅವನಿಗೆ ಪದವಿಯಿರಲಿಲ್ಲ, ಹುದ್ದೆಯಿರಲಿಲ್ಲ. ಆ ಬೆಟ್ಟಗಳಿಗೆ ಅವನು ಮೊದಲು ಬೇಸಿಗೆಯೊಂದನ್ನು ಪೂರ್ತಿಯಾಗಿ ಕಳೆಯಲು ಹೋದದ್ದು ಕುರಿಮಂದೆಯೊಂದಿಗೆ. ಶಾಸನವನ್ನಾಗಲಿ ಕಾವ್ಯವನ್ನಾಗಲಿ ಅಕ್ಷರ ಅಕ್ಷರವಾಗಿ ಓದುವುದನ್ನು ಅಭ್ಯಾಸ ಮಾಡುತ್ತಿರುವ ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಈತನ ಬದುಕು ಒಂದು ಪಾಠವಾಗಬಲ್ಲದು ಎಂಬ ನಂಬಿಕೆಯಿಂದ ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಜಾನ್ ಮ್ಯೂರ್ ಹುಟ್ಟಿದ್ದು 1838ರ ಏಪ್ರಿಲ್ 21ರಂದು, ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಡನ್‌ಬಾರ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಡೇನಿಯಲ್ ಮ್ಯೂರ್, ತಾಯಿ ಆ್ಯನ್. ಎಂಟು ಮಕ್ಕಳಲ್ಲಿ ಜಾನ್ ಮೂರನೆಯವನು. ಶಾಲೆಗೆ ಸೇರುವ ಮುನ್ನವೇ ಅವನ ಅಜ್ಜ ಊರಿನ ಅಂಗಡಿಗಳ ಫಲಕಗಳನ್ನು ತೋರಿಸಿ ಅಕ್ಷರ ಕಲಿಸಿದ್ದನು. ತಂದೆ ಕಟ್ಟುನಿಟ್ಟಿನ ಧರ್ಮಶ್ರದ್ಧೆಯ ಮನುಷ್ಯ. ಬೈಬಲ್ಲಿನ ಹೊರತು ಬೇರೆ ಪುಸ್ತಕಗಳ ಬಗ್ಗೆ ಅವನಿಗೆ ಒಲವಿರಲಿಲ್ಲ. ದಿನಕ್ಕಿಷ್ಟು ಎಂದು ಗೊತ್ತುಪಡಿಸಿದ ಭಾಗವನ್ನು ಬಾಯಿಪಾಠ ಒಪ್ಪಿಸದಿದ್ದರೆ ಮಗನಿಗೆ ಏಟು ತಪ್ಪುತ್ತಿರಲಿಲ್ಲ. ಹನ್ನೊಂದು ತುಂಬುವಷ್ಟರಲ್ಲಿ ಹೊಸ ಒಡಂಬಡಿಕೆ ಪೂರ್ತಿಯಾಗಿ, ಹಳೆಯ ಒಡಂಬಡಿಕೆ ಬಹುಪಾಲು ಆ ಬಾಲಕನಿಗೆ ಕಂಠಸ್ಥವಾಗಿದ್ದವು. ಬಲವಂತದಿಂದ ಬಂದ ವಿದ್ಯೆಯಾದರೂ ಅದು ವ್ಯರ್ಥವಾಗಲಿಲ್ಲ. ಮುಂದೆ ಅವನು ಬರೆದ ಗದ್ಯದ ಲಯದಲ್ಲಿ ಆ ಪ್ರಾಚೀನ ಅನುವಾದದ ಗಾಂಭೀರ್ಯ ಉಳಿದುಕೊಂಡಿತು.

1849ರಲ್ಲಿ ತಂದೆಯು ಸಂಸಾರವನ್ನು ಅಮೆರಿಕಕ್ಕೆ ಸಾಗಿಸಲು ನಿಶ್ಚಯಿಸಿದನು. ಹಡಗಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಅವರು ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಊರಿನ ಸಮೀಪ ಕಾಡು ಕಡಿದು ಹೊಲ ಮಾಡಿದರು. ಬಾಲಕ ಜಾನ್‌ಗೆ ಶಾಲೆಯ ಬಾಗಿಲು ಬಹುತೇಕ ಮುಚ್ಚಿತು. ಹನ್ನೆರಡನೆಯ ವಯಸ್ಸಿಗೇ ನೇಗಿಲು ಹಿಡಿದನು. ಬೇಸಿಗೆಯಲ್ಲಿ ದಿನಕ್ಕೆ ಹದಿನಾರು ಗಂಟೆಗಳ ದುಡಿಮೆ. ಎರಡನೆಯ ಹೊಲದಲ್ಲಿ ನೀರಿಗಾಗಿ ಬಾವಿ ತೋಡಬೇಕಾಯಿತು. ಮೇಲಿನ ಹತ್ತು ಅಡಿಯ ಕೆಳಗೆ ಬರಿಯ ಮರಳುಗಲ್ಲು. ತಂದೆಯು ಮಗನ ಕೈಗೆ ಉಳಿ-ಸುತ್ತಿಗೆ ಕೊಟ್ಟು ಬಕೆಟ್ಟಿನಲ್ಲಿ ಕೂರಿಸಿ ಇಳಿಸುತ್ತಿದ್ದನು. ತಿಂಗಳುಗಟ್ಟಲೆ ಆ ಇಕ್ಕಟ್ಟಿನ ಗುಂಡಿಯಲ್ಲಿ ಒಬ್ಬನೇ ಕುಳಿತು ಅವನು ಕಲ್ಲು ಕಡಿದನು. ಸುಮಾರು ಎಂಬತ್ತು ಅಡಿ ಆಳದಲ್ಲಿ ಒಂದು ಮುಂಜಾನೆ, ರಾತ್ರಿಯಿಡೀ ತಳದಲ್ಲಿ ಸಂಗ್ರಹವಾಗಿದ್ದ ಇಂಗಾಲಾಮ್ಲ ಅನಿಲದಿಂದ ಉಸಿರುಗಟ್ಟಿ ಕುಸಿದನು. ಮೇಲಿನಿಂದ ತಂದೆ ಕೂಗಿದ ಕೂಗಿಗೆ ಅರೆಪ್ರಜ್ಞೆಯಲ್ಲಿ ಹೇಗೋ ಬಕೆಟ್ಟಿಗೆ ಸೇರಿಕೊಂಡು ಬದುಕಿ ಬಂದನು. ಒಂದೆರಡು ದಿನಗಳ ವಿಶ್ರಾಂತಿಯ ಬಳಿಕ ಅವನನ್ನು ಮತ್ತೆ ಅದೇ ಬಾವಿಗೆ ಇಳಿಸಲಾಯಿತು. ತೊಂಬತ್ತು ಅಡಿಗೆ ನೀರು ಸಿಕ್ಕಿತು. ಕಲ್ಲು ಎಂದರೇನು, ಅದನ್ನು ಒಂದಂಗುಲ ಸವೆಸಲು ಎಷ್ಟು ಬಲ, ಎಷ್ಟು ಕಾಲ ಬೇಕು ಎಂಬುದನ್ನು ಅವನು ಮೊದಲು ತಿಳಿದದ್ದು ಈ ಬಾವಿಯಲ್ಲಿ. ಪುಸ್ತಕ ಬಂದದ್ದು ಆಮೇಲೆ.

ರಾತ್ರಿ ಓದುತ್ತ ಕೂರಲು ಮನೆಯಲ್ಲಿ ಅಪ್ಪಣೆ ಇರಲಿಲ್ಲ. ಬೆಳಿಗ್ಗೆ ಬೇಕಾದಷ್ಟು ಬೇಗ ಏಳಬಹುದು ಎಂದು ತಂದೆ ಒಮ್ಮೆ ಹೇಳಿದ್ದೇ ತಡ, ಹುಡುಗನು ರಾತ್ರಿ ಒಂದು ಗಂಟೆಗೇ ಎದ್ದನು. ಚಳಿಗಾಲದ ಆ ಐದು ಗಂಟೆಗಳ ಕಾಲವು ತನ್ನ ಸ್ವಂತದ್ದು ಎಂಬ ಸಂತೋಷಕ್ಕೆ ಪಾರವಿರಲಿಲ್ಲ. ನೆಲಮಾಳಿಗೆಯಲ್ಲಿ ಮರದ ತುಂಡುಗಳನ್ನು ಕೆತ್ತಿ ಗಡಿಯಾರಗಳನ್ನು ಮಾಡಿದನು. ಹೊತ್ತಿಗೆ ಸರಿಯಾಗಿ ಮಲಗಿದವನನ್ನು ನಿಲ್ಲಿಸಿಬಿಡುವ ಮಂಚವನ್ನು ರಚಿಸಿದನು. 1860ರಲ್ಲಿ ಅವುಗಳನ್ನು ಹೊತ್ತು ಮ್ಯಾಡಿಸನ್ ನಗರದ ಕೃಷಿ ಪ್ರದರ್ಶನಕ್ಕೆ ಹೋದಾಗ ಜನ ಮುಗಿಬಿದ್ದು ನೋಡಿದರು. ಅಲ್ಲಿಂದಲೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ದಾರಿ ತೆರೆಯಿತು.

ವಿಶ್ವವಿದ್ಯಾಲಯದಲ್ಲಿ ಅವನು ಪಠ್ಯಕ್ರಮದ ಅನುಕ್ರಮವನ್ನು ಪಾಲಿಸಲಿಲ್ಲ. ತನಗೆ ಬೇಕೆನಿಸಿದ ರಸಾಯನಶಾಸ್ತ್ರ, ಭೂವಿಜ್ಞಾನ, ಸಸ್ಯಶಾಸ್ತ್ರಗಳನ್ನು ಆರಿಸಿಕೊಂಡನು. ಪ್ರಾಧ್ಯಾಪಕ ಎಜ್ರಾ ಕಾರ್ ಅವರ ತರಗತಿಯಲ್ಲಿ ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿಯ ಹಿಮಯುಗ ಸಿದ್ಧಾಂತದ ಪರಿಚಯವಾಯಿತು. ಭೂಮಿಯ ಬಹುಭಾಗವನ್ನು ಒಂದು ಕಾಲಕ್ಕೆ ಹಿಮದ ಹಾಸುಗಳು ಮುಚ್ಚಿದ್ದವು, ಅವು ಚಲಿಸುತ್ತ ನೆಲವನ್ನು ರೂಪಿಸಿದವು ಎಂಬ ಆ ವಿಚಾರವು ಆಗಿನ್ನೂ ಹೊಸದು. ಪ್ರಾಧ್ಯಾಪಕರ ಪತ್ನಿ ಜೀನ್ ಕಾರ್ ಈ ವಿದ್ಯಾರ್ಥಿಯ ಪ್ರತಿಭೆಯನ್ನು ಗುರುತಿಸಿ, ಮುಂದೆ ವರ್ಷಗಟ್ಟಲೆ ಪತ್ರಗಳ ಮೂಲಕ ಅವನನ್ನು ಬರವಣಿಗೆಗೆ ಪ್ರೇರೇಪಿಸಿದಳು. 1863ರಲ್ಲಿ ಪದವಿ ಪಡೆಯದೆಯೇ ಮ್ಯೂರ್ ವಿಶ್ವವಿದ್ಯಾಲಯವನ್ನು ಬಿಟ್ಟನು. ಕೆಲಕಾಲ ಕೆನಡದಲ್ಲಿ, ಬಳಿಕ ಇಂಡಿಯಾನಾಪೊಲಿಸ್ ನಗರದ ಗಾಡಿ ತಯಾರಿಸುವ ಕಾರ್ಖಾನೆಯಲ್ಲಿ ದುಡಿದನು. ಯಂತ್ರಗಳಲ್ಲಿ ಅವನ ಕೈ ಎಷ್ಟು ಪಳಗಿತ್ತೆಂದರೆ, ಅಲ್ಲೇ ಉಳಿದಿದ್ದರೆ ಶ್ರೀಮಂತ ಉದ್ಯಮಿಯಾಗುತ್ತಿದ್ದನೆಂಬುದರಲ್ಲಿ ಸಂಶಯವಿಲ್ಲ.

1867ರ ಮಾರ್ಚ್ ತಿಂಗಳ ಒಂದು ದಿನ ಯಂತ್ರದ ಪಟ್ಟಿಯನ್ನು ಬಿಚ್ಚುತ್ತಿದ್ದಾಗ ಕೈಯಲ್ಲಿದ್ದ ಅರ ಜಾರಿ ಅವನ ಬಲಗಣ್ಣಿಗೆ ಚುಚ್ಚಿತು. ಕಣ್ಣಿನ ರಸ ಅಂಗೈಗೆ ಸುರಿಯಿತು. ಸ್ವಲ್ಪ ಹೊತ್ತಿನಲ್ಲಿ ಎಡಗಣ್ಣೂ ಕತ್ತಲಾಯಿತು. ಇಪ್ಪತ್ತೆಂಟರ ತರುಣ, ವಾರಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಮಲಗಿ, ಹೂವನ್ನಾಗಲಿ ಬೆಟ್ಟವನ್ನಾಗಲಿ ಇನ್ನು ಕಾಣಲಾರೆನೇ ಎಂದು ಕೊರಗಿದನು. ನಿಧಾನವಾಗಿ ದೃಷ್ಟಿ ಮರಳಿತು. ಮರಳಿ ಬಂದ ಕಣ್ಣನ್ನು ಯಂತ್ರಗಳ ಮೇಲೆ ಖರ್ಚು ಮಾಡಬಾರದೆಂದು ಅವನು ಅಂದೇ ನಿರ್ಧರಿಸಿದನು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೆಂಟಕಿಯಿಂದ ಹೊರಟು, ಸಸ್ಯಗಳನ್ನು ಸಂಗ್ರಹಿಸುತ್ತ, ಸುಮಾರು ಸಾವಿರ ಮೈಲಿ ನಡೆದು ಫ್ಲಾರಿಡದ ಕಡಲತೀರವನ್ನು ಮುಟ್ಟಿದನು. ಅಂತರ್ಯುದ್ಧ ಮುಗಿದು ಎರಡೇ ವರ್ಷವಾಗಿದ್ದ ಆ ನಾಡಿನಲ್ಲಿ ಹಸಿವೂ ಕಳ್ಳರ ಭಯವೂ ಜೊತೆಗಿದ್ದವು. ಸವಾನಾ ನಗರದಲ್ಲಿ ಮನೆಯಿಂದ ಬರಬೇಕಾದ ಹಣ ತಡವಾದಾಗ ಸ್ಮಶಾನದ ಮರಗಳ ಕೆಳಗೆ ರಾತ್ರಿಗಳನ್ನು ಕಳೆದನು. ಫ್ಲಾರಿಡದಲ್ಲಿ ಮಲೇರಿಯ ಹಿಡಿದು ಸಾವಿನ ಸಮೀಪಕ್ಕೆ ಹೋಗಿ ಬಂದನು. ದಕ್ಷಿಣ ಅಮೆರಿಕಕ್ಕೆ ಹೋಗುವ ಯೋಜನೆ ಕೈಗೂಡದೆ, ಕ್ಯೂಬಾ ಮತ್ತು ನ್ಯೂಯಾರ್ಕ್ ಮಾರ್ಗವಾಗಿ 1868ರ ಮಾರ್ಚ್ ಅಂತ್ಯಕ್ಕೆ ಸ್ಯಾನ್‌ಫ್ರಾನ್ಸಿಸ್ಕೊ ಬಂದರಿಗೆ ಇಳಿದನು. ಅಲ್ಲಿಂದ ಹೂಬಿಟ್ಟ ಬಯಲುಗಳನ್ನು ದಾಟಿ ಯೊಸೆಮಿಟಿಗೆ ಕಾಲ್ನಡಿಗೆಯಲ್ಲಿ ಹೋದನು.

ಮರುವರ್ಷ, 1869ರ ಬೇಸಿಗೆಯಲ್ಲಿ, ಸುಮಾರು ಎರಡು ಸಾವಿರ ಕುರಿಗಳ ಮಂದೆಯೊಂದಿಗೆ ಮೇಲಿನ ಟ್ವಾಲಮಿ ಹುಲ್ಲುಗಾವಲುಗಳಿಗೆ ಹೋಗುವ ಕೆಲಸ ಸಿಕ್ಕಿತು. ಮಂದೆಯ ಒಡೆಯ ಡೆಲೇನಿ ಒಳ್ಳೆಯವನು. ಕುರಿ ಕಾಯಲು ಬೇರೆ ಆಳಿದ್ದುದರಿಂದ ಮ್ಯೂರ್‌ಗೆ ಅಲೆಯಲು, ಬರೆಯಲು, ಚಿತ್ರ ಬಿಡಿಸಲು ಬಿಡುವು ದೊರೆಯಿತು. ಸುಗ್ಗಿ ಮುಗಿದ ಹೊಲಗಳಲ್ಲಿ ಮಂದೆ ತರುಬುವ ಕುರಿಗಾಹಿಗಳನ್ನು ಕಂಡು ಬೆಳೆದ ನಮ್ಮ ಸೀಮೆಯ ವಿದ್ಯಾರ್ಥಿಗಳಿಗೆ ಆ ಅಲೆಮಾರಿ ಬದುಕನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಆದರೆ ನಮ್ಮಲ್ಲಿ ಕುರಿಯ ಹಿಕ್ಕೆ ಹೊಲಕ್ಕೆ ಗೊಬ್ಬರ. ಅಲ್ಲಿ, ಸೂಕ್ಷ್ಮವಾದ ಎತ್ತರದ ಹುಲ್ಲುಗಾವಲುಗಳಲ್ಲಿ, ಸಾವಿರಗಟ್ಟಲೆ ಕುರಿಗಳು ಹಾದು ಹೋದ ಹಾದಿಯುದ್ದಕ್ಕೂ ಹೂವು ಹುಲ್ಲು ಸಮೇತ ನೆಲ ಬೋಳಾಗುತ್ತಿತ್ತು. ತನ್ನ ಹೊಟ್ಟೆ ಹೊರೆಯುವ ಮಂದೆಯೇ ತಾನು ಪ್ರೀತಿಸುವ ನೆಲವನ್ನು ಹಾಳುಗೆಡಹುತ್ತಿದೆ ಎಂಬುದನ್ನು ಅವನು ಕಣ್ಣಾರೆ ಕಂಡನು. ಮುಂದಿನ ಅವನ ಹೋರಾಟದ ಬೀಜ ಅಲ್ಲಿದೆ.

ಆ ಬೇಸಿಗೆಯಲ್ಲೇ ಅವನಿಗೆ ಬಂಡೆಗಳ ಮೇಲಿನ ಬರಹ ಕಾಣಿಸತೊಡಗಿತು. ಟ್ವಾಲಮಿಯ ಸುತ್ತಲಿನ ಗ್ರಾನೈಟ್ ಹಾಸುಗಳು ಕೆಲವೆಡೆ ಕನ್ನಡಿಯಂತೆ ಹೊಳೆಯುತ್ತಿದ್ದವು. ಆ ಹೊಳಪಿನ ಮೇಲೆ ಒಂದಕ್ಕೊಂದು ಸಮಾನಾಂತರವಾದ ನೇರ ಗೀರುಗಳಿದ್ದವು. ಸುತ್ತಲಿನ ಬಂಡೆಗೆ ಸಂಬಂಧವೇ ಇಲ್ಲದ ಬೇರೆ ಜಾತಿಯ ದೊಡ್ಡ ಗುಂಡುಗಳು ಯಾರೋ ತಂದಿಟ್ಟಂತೆ ಬೋಳು ಹಾಸಿನ ಮೇಲೆ ಕುಳಿತಿದ್ದವು. ಇವೆಲ್ಲ ಹಿಮನದಿಯ ಗುರುತುಗಳು. ಹಿಮನದಿ ಎಂಬ ಶಬ್ದ ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ. ಆ ಶಬ್ದದಲ್ಲೇ ಅರ್ಥ ಅಡಗಿದೆ. ಎತ್ತರದಲ್ಲಿ ವರ್ಷ ವರ್ಷವೂ ಬಿದ್ದ ಹಿಮ ಕರಗದೆ ಉಳಿದು, ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಗಟ್ಟಿ ಮಂಜುಗಡ್ಡೆಯಾಗುತ್ತದೆ. ಸಾಕಷ್ಟು ದಪ್ಪವಾದಾಗ ಅದು ಇಳಿಜಾರಿನಲ್ಲಿ ನದಿಯಂತೆಯೇ, ಆದರೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ, ಹರಿಯುತ್ತದೆ. ಹರಿಯುವಾಗ ಬಂಡೆಗಳನ್ನು ಕಿತ್ತು ತಳದಲ್ಲಿ ಹಿಡಿದುಕೊಂಡು, ಅವುಗಳಿಂದಲೇ ನೆಲವನ್ನು ಉಜ್ಜುತ್ತದೆ. ಸಣ್ಣ ಪುಡಿ ಹೊಳಪು ಕೊಡುತ್ತದೆ, ದೊಡ್ಡ ಕಲ್ಲು ಗೀರು ಎಳೆಯುತ್ತದೆ. ಕರಗಿ ಹಿಮ್ಮೆಟ್ಟುವಾಗ ತಾನು ಹೊತ್ತ ಕಲ್ಲುಮಣ್ಣನ್ನು ಒಡ್ಡಿನಂತೆ ಬಿಟ್ಟು ಹೋಗುತ್ತದೆ. ಆ ಒಡ್ಡುಗಳಿಗೆ ಭೂವಿಜ್ಞಾನಿಗಳು ಮೊರೇನ್ ಎನ್ನುತ್ತಾರೆ.

ನೀರಿನ ನದಿ ಕೊರೆದ ಕಣಿವೆ ಸಾಮಾನ್ಯವಾಗಿ ತಳದಲ್ಲಿ ಕಿರಿದಾಗಿ ಇಕ್ಕುಳದಂತಿರುತ್ತದೆ. ಹಿಮನದಿ ಹಾದ ಕಣಿವೆಯ ತಳ ಅಗಲ, ಪಕ್ಕಗಳು ಕಡಿದು. ಮುಖ್ಯ ಕಣಿವೆಯ ದೊಡ್ಡ ಹಿಮನದಿ ಆಳಕ್ಕೆ ಕೊರೆದರೆ, ಪಕ್ಕದಿಂದ ಬಂದು ಸೇರುವ ಸಣ್ಣ ಹಿಮನದಿಗಳು ಅಷ್ಟು ಆಳಕ್ಕೆ ಕೊರೆಯಲಾರವು. ಹಿಮ ಕರಗಿದ ಮೇಲೆ ಪಕ್ಕದ ಕಣಿವೆಗಳ ಬಾಯಿ ಮೇಲೆಯೇ ತೂಗುತ್ತ ನಿಲ್ಲುತ್ತದೆ. ಅಲ್ಲಿಂದ ಹೊಳೆಗಳು ಜಲಪಾತಗಳಾಗಿ ಧುಮುಕುತ್ತವೆ. ಯೊಸೆಮಿಟಿಯ ಜಲಪಾತಗಳ ವೈಭವಕ್ಕೆ ಕಾರಣ ಇದು.

ಮ್ಯೂರ್ ಇದನ್ನು ಹೇಳತೊಡಗಿದಾಗ ಎದುರಿಗಿದ್ದವನು ಸಾಮಾನ್ಯನಲ್ಲ. ಜೊಸಾಯ ವಿಟ್ನಿ ಕ್ಯಾಲಿಫೋರ್ನಿಯದ ಅಧಿಕೃತ ಭೂವಿಜ್ಞಾನಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಭೂಮಿಯ ಮಹಾಕಂಪನದಲ್ಲಿ ಕಣಿವೆಯ ನೆಲವೇ ಒಮ್ಮೆಗೆ ಕೆಳಕ್ಕೆ ಕುಸಿದು ಯೊಸೆಮಿಟಿ ಉಂಟಾಯಿತೆಂದು ಅವನು ತನ್ನ ಮಾರ್ಗದರ್ಶಿ ಗ್ರಂಥದಲ್ಲಿ ಬರೆದಿದ್ದನು. ಹಿಮನದಿಯ ಮಾತನ್ನು ಅವನು ಒಪ್ಪಲಿಲ್ಲ. ಆ ಮಾತನ್ನಾಡಿದವನನ್ನು ಬರಿಯ ಕುರಿಗಾಹಿ, ಅಜ್ಞಾನಿ ಎಂದು ತಳ್ಳಿಹಾಕಿದನು. ಆಗ ಮ್ಯೂರ್ ಕಣಿವೆಯ ಹೋಟೆಲ್ ಮಾಲೀಕ ಹಚಿಂಗ್ಸ್‌ನ ಮರ ಕೊಯ್ಯುವ ಗಿರಣಿಯಲ್ಲಿ ಕೂಲಿಗಿದ್ದನು. ಗಾಳಿಗೆ ಬಿದ್ದ ಮರಗಳನ್ನಷ್ಟೇ ಕೊಯ್ಯುತ್ತ, ಬಿಡುವಾದಾಗ ರೊಟ್ಟಿಯ ತುಂಡನ್ನೂ ಚಹದ ಪುಡಿಯನ್ನೂ ಕಟ್ಟಿಕೊಂಡು ಒಬ್ಬನೇ ಬೆಟ್ಟಕ್ಕೆ ಹೋಗುತ್ತಿದ್ದನು. ಬೈಗುಳಕ್ಕೆ ಬೈಗುಳದಿಂದ ಉತ್ತರ ಕೊಡುವ ಗೋಜಿಗೆ ಹೋಗದೆ, ಒಂದೊಂದೇ ಕಣಿವೆಯನ್ನು ಹಿಡಿದು ಗೀರುಗಳ ದಿಕ್ಕನ್ನು ಗುರುತಿಸುತ್ತ, ಹಳೆಯ ಹಿಮನದಿಗಳ ಹಾದಿಯನ್ನು ಮೇಲುಮೇಲಕ್ಕೆ ಹಿಂಬಾಲಿಸಿದನು. ಅಳಿಸಿದ ಶಾಸನದಲ್ಲಿ ಉಳಿದ ಅಕ್ಷರಗಳ ಆಧಾರದಿಂದ ಬಿಟ್ಟುಹೋದ ಅಕ್ಷರಗಳನ್ನು ಊಹಿಸುವ ಲಿಪಿಶಾಸ್ತ್ರಜ್ಞನ ವಿಧಾನಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

1871ರ ಶರತ್ಕಾಲದಲ್ಲಿ ಮರ್ಸೆಡ್ ಶಿಖರದ ಸಮೀಪ ಹೊಳೆಯೊಂದರ ನೀರಿನಲ್ಲಿ ಬೂದು ಬಣ್ಣದ ನುಣ್ಣನೆಯ ಕೆಸರನ್ನು ಕಂಡನು. ಹಿಮನದಿ ಬಂಡೆಯನ್ನು ಅರೆದಾಗ ಮಾತ್ರ ಅಂಥ ಹಿಟ್ಟು ಉಂಟಾಗುತ್ತದೆ. ಹೊಳೆಯ ಮೂಲಕ್ಕೆ ಏರಿದಾಗ ಸಿಕ್ಕಿದ್ದು ಇನ್ನೂ ಜೀವಂತವಾಗಿರುವ ಹಿಮನದಿ. ಅದೇ ವರ್ಷ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಯೊಸೆಮಿಟಿಯ ಹಿಮನದಿಗಳನ್ನು ಕುರಿತ ಅವನ ಲೇಖನ ಪ್ರಕಟವಾಯಿತು. ಅದು ಹಿಮನದಿಯಲ್ಲ, ಕರಗದೆ ಉಳಿದ ಹಿಮದ ರಾಶಿ ಮಾತ್ರ ಎಂಬ ಆಕ್ಷೇಪ ಬಂದಿತು. ಹಿಮನದಿಯ ಲಕ್ಷಣ ಚಲನೆ. ಚಲನೆಯನ್ನು ಅಳೆದು ತೋರಿಸಿದರೆ ವಾದ ಮುಗಿಯುತ್ತದೆ. 1872ರ ಆಗಸ್ಟ್ 21ರಂದು ಅವನು ಮೆಕ್ಲೂರ್ ಶಿಖರದ ಹಿಮನದಿಗೆ ಅಡ್ಡಲಾಗಿ ಒಂದೇ ಸಾಲಿನಲ್ಲಿ ನಾಲ್ಕು ಮರದ ಗೂಟಗಳನ್ನು ನೆಟ್ಟನು. 46 ದಿನಗಳ ನಂತರ, ಅಕ್ಟೋಬರ್ 6ರಂದು, ಮತ್ತೆ ಹತ್ತಿ ಹೋಗಿ ನೋಡಿದಾಗ ಸಾಲು ಬಾಗಿತ್ತು. ಮಧ್ಯದ ಸಮೀಪದ ಗೂಟ 47 ಅಂಗುಲ ಕೆಳಕ್ಕೆ ಸರಿದಿತ್ತು. ಅಂದರೆ ದಿನಕ್ಕೆ ಒಂದಂಗುಲದಷ್ಟು. ಗೂಟಗಳ ಈ ಸಾಕ್ಷ್ಯಕ್ಕೆ ಯಾವ ಪದವಿಪತ್ರದ ಬೆಂಬಲವೂ ಬೇಕಿರಲಿಲ್ಲ.

ಅದೇ ವರ್ಷದ ಮಾರ್ಚ್ 26ರ ನಸುಕಿನಲ್ಲಿ ಓವೆನ್ಸ್ ಕಣಿವೆಯನ್ನು ಕೇಂದ್ರವಾಗಿಟ್ಟುಕೊಂಡು ಭಾರಿ ಭೂಕಂಪವಾಗಿತ್ತು. ಯೊಸೆಮಿಟಿಯಲ್ಲಿದ್ದವರು ವಿಟ್ನಿಯ ಸಿದ್ಧಾಂತವನ್ನು ನೆನೆದು, ನೆಲ ಮತ್ತೆ ಕುಸಿಯಲಿದೆಯೆಂದು ಹೆದರಿದರು. ಮ್ಯೂರ್ ಗುಡಿಸಲಿನಿಂದ ಹೊರಗೆ ಓಡಿಬಂದು, ಬೆಳದಿಂಗಳಿನಲ್ಲಿ ದಕ್ಷಿಣದ ಗೋಡೆಯ ಬಂಡೆಯೊಂದು ಒಡೆದು ಸಾವಿರಾರು ತುಂಡುಗಳಾಗಿ ಉರುಳುವುದನ್ನು ನೋಡಿದನು. ಧೂಳು ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲೇ ಆ ಹೊಸ ಕಲ್ಲುರಾಶಿಯ ಮೇಲೆ ಹತ್ತಿ ಪರಿಶೀಲಿಸತೊಡಗಿದನು. ಗೋಡೆಗಳ ಬುಡದಲ್ಲಿರುವ ಕಲ್ಲುರಾಶಿಗಳು ಹೇಗೆ ಉಂಟಾದವು ಎಂಬ ಪ್ರಶ್ನೆಗೆ ಆ ರಾತ್ರಿ ಉತ್ತರ ಸಿಕ್ಕಿತು. ಕಣಿವೆಯ ನೆಲ ಮಾತ್ರ ಇದ್ದಲ್ಲಿಯೇ ಇತ್ತು.

ಬೆಟ್ಟ ಹತ್ತುವುದು ಅವನಿಗೆ ಸಲೀಸು, ಬರೆಯುವುದು ಕಷ್ಟ. ನಗರದ ಕೋಣೆಯಲ್ಲಿ ಕುಳಿತು ಒಂದೊಂದು ವಾಕ್ಯವನ್ನೂ ಹತ್ತಾರು ಸಲ ತಿದ್ದುತ್ತಿದ್ದನು. 1874-75ರಲ್ಲಿ ಓವರ್‌ಲ್ಯಾಂಡ್ ಮಂತ್ಲಿ ಪತ್ರಿಕೆಯಲ್ಲಿ ಸಿಯೆರಾ ಕುರಿತ ಏಳು ಅಧ್ಯಯನ ಲೇಖನಗಳು ಬಂದವು. 1879ರಲ್ಲಿ ಅಲಾಸ್ಕಕ್ಕೆ ಹೋಗಿ, ಟ್ಲಿಂಗಿಟ್ ಮೂಲನಿವಾಸಿಗಳು ಹುಟ್ಟುಹಾಕುವ ದೋಣಿಯಲ್ಲಿ, ಇಂದು ಗ್ಲೇಸಿಯರ್ ಬೇ ಎನಿಸಿಕೊಂಡಿರುವ ಕೊಲ್ಲಿಯನ್ನು ಕಂಡನು. ಸಿಯೆರಾದಲ್ಲಿ ಗೀರುಗಳಿಂದ ಊಹಿಸಿದ್ದ ಮಹಾಹಿಮನದಿಗಳು ಅಲ್ಲಿ ಕಣ್ಣೆದುರಿಗೇ ನೆಲವನ್ನು ಕಡೆಯುತ್ತಿದ್ದವು. 1880ರಲ್ಲಿ ಲೂಯಿ ಸ್ಟ್ರೆಂಟ್ಸೆಲ್‌ಳನ್ನು ಮದುವೆಯಾಗಿ, ಮಾರ್ಟಿನೆಜ್ ಊರಿನಲ್ಲಿ ಮಾವನ ಹಣ್ಣಿನ ತೋಟಗಳನ್ನು ನೋಡಿಕೊಂಡನು. ಇಬ್ಬರು ಹೆಣ್ಣುಮಕ್ಕಳಾದರು. ತೋಟದಿಂದ ಹಣ ಬಂದಿತು. ಬೆಟ್ಟದಿಂದ ದೂರವಾದ ಅವನ ಆರೋಗ್ಯ ಕುಗ್ಗಿತು. ತೋಟದ ಭಾರ ಇಳಿಸಿ ಅವನನ್ನು ಮತ್ತೆ ಬೆಟ್ಟಕ್ಕೂ ಬರವಣಿಗೆಗೂ ಕಳುಹಿಸಿದ್ದು ಹೆಂಡತಿಯ ವಿವೇಕ.

ಯೊಸೆಮಿಟಿ ಕಣಿವೆಯನ್ನೂ ಮಾರಿಪೋಸದ ಬೃಹತ್ ಸಿಕ್ವೋಯ ಮರಗಳ ತೋಪನ್ನೂ 1864ರಲ್ಲಿ, ಅಧ್ಯಕ್ಷ ಲಿಂಕನ್ ಕಾಲದಲ್ಲಿ, ಸಾರ್ವಜನಿಕರ ಉಪಯೋಗಕ್ಕೆಂದು ಕ್ಯಾಲಿಫೋರ್ನಿಯ ರಾಜ್ಯಕ್ಕೆ ವಹಿಸಲಾಗಿತ್ತು. ಆದರೆ ಸುತ್ತಲಿನ ಎತ್ತರದ ಕಾಡುಗಳಿಗೂ ಹುಲ್ಲುಗಾವಲುಗಳಿಗೂ ರಕ್ಷಣೆಯಿರಲಿಲ್ಲ. 1889ರಲ್ಲಿ ಸೆಂಚುರಿ ಪತ್ರಿಕೆಯ ಸಂಪಾದಕ ರಾಬರ್ಟ್ ಅಂಡರ್‌ವುಡ್ ಜಾನ್ಸನ್ ಮ್ಯೂರ್‌ನೊಂದಿಗೆ ಟ್ವಾಲಮಿಯಲ್ಲಿ ಬಿಡಾರ ಹೂಡಿ, ಬೋಳಾದ ಹುಲ್ಲುಗಾವಲುಗಳನ್ನು ಕಂಡು, ಲೇಖನಗಳನ್ನು ಬರೆಯಲು ಒತ್ತಾಯಿಸಿದನು. ಎರಡು ಲೇಖನಗಳು 1890ರ ಆಗಸ್ಟ್ ಮತ್ತು ಸೆಪ್ಟೆಂಬರ್ ಸಂಚಿಕೆಗಳಲ್ಲಿ ಬಂದವು. ಅಕ್ಟೋಬರ್ 1ರಂದು ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಾಯಿದೆಗೆ ಅಂಕಿತ ಬಿದ್ದಿತು. 1892ರಲ್ಲಿ ಸಿಯೆರಾ ಕ್ಲಬ್ ಸ್ಥಾಪನೆಯಾಯಿತು. ಮ್ಯೂರ್ ಸಾಯುವವರೆಗೂ ಅದರ ಅಧ್ಯಕ್ಷನಾಗಿದ್ದನು. 1903ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್, ಸತ್ಕಾರ ಸಮಾರಂಭಗಳನ್ನು ಬಿಟ್ಟು, ಮ್ಯೂರ್‌ನೊಂದಿಗೆ ಮೂರು ರಾತ್ರಿ ಬಯಲಿನಲ್ಲಿ ಮಲಗಿದನು. ಒಂದು ರಾತ್ರಿ ಅವರ ಹೊದಿಕೆಗಳ ಮೇಲೆ ಹಿಮ ಸುರಿಯಿತು. 1906ರಲ್ಲಿ ಕಣಿವೆಯೂ ತೋಪೂ ರಾಜ್ಯದ ಕೈಯಿಂದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದವು.

ಆದರೆ ಅವನ ಕೊನೆಯ ಹೋರಾಟ ಸೋಲಿನಲ್ಲಿ ಮುಗಿಯಿತು. ಉದ್ಯಾನದ ಗಡಿಯೊಳಗೇ, ಟ್ವಾಲಮಿ ನದಿಯ ಮೇಲೆ, ಹೆಚ್‌ ಹೆಚಿ ಎಂಬ ಇನ್ನೊಂದು ಕಣಿವೆಯಿತ್ತು; ಯೊಸೆಮಿಟಿಯ ತಂಗಿಯಂತಿದ್ದ, ಹಿಮನದಿಯೇ ಕಡೆದ ಕಣಿವೆ. ಸ್ಯಾನ್‌ಫ್ರಾನ್ಸಿಸ್ಕೊ ನಗರ ಅಲ್ಲಿ ಅಣೆಕಟ್ಟು ಕಟ್ಟಿ ಕುಡಿಯುವ ನೀರು ಒಯ್ಯಬಯಸಿತು. 1906ರ ಭೂಕಂಪ ಹಾಗೂ ಬೆಂಕಿಯಲ್ಲಿ ಸುಟ್ಟುಹೋದ ನಗರಕ್ಕೆ ನೀರಿನ ಹಸಿವು ಸುಳ್ಳಲ್ಲ. ಬರದ ಸೀಮೆಯಲ್ಲಿ ಕುಳಿತ ನಾವು ನೀರು ಕೇಳಿದವರನ್ನು ದುಷ್ಟರೆಂದು ಸುಲಭವಾಗಿ ಕರೆಯಲಾರೆವು. ಮ್ಯೂರ್ ನೀರು ಬೇಡವೆನ್ನಲಿಲ್ಲ. ಬೇರೆ ಕಡೆಯಿಂದ ತರಬಹುದು, ಕಾಯಿದೆಯಿಂದ ಕಾಪಾಡಿದ ನೆಲವನ್ನೇ ಮುಳುಗಿಸಿದರೆ ಕಾಯಿದೆಗೆ ಬೆಲೆಯೇನು ಎಂದು ವಾದಿಸಿದನು. ದೇಶವೇ ಎರಡು ಪಕ್ಷವಾಯಿತು. ಹಳೆಯ ಗೆಳೆಯರು ಎದುರಾದರು. 1913ರ ಡಿಸೆಂಬರ್ 19ರಂದು ಅಧ್ಯಕ್ಷ ವುಡ್ರೊ ವಿಲ್ಸನ್ ಅಣೆಕಟ್ಟಿಗೆ ಅನುಮತಿ ನೀಡುವ ಮಸೂದೆಗೆ ಸಹಿ ಹಾಕಿದನು. ಒಂದು ವರ್ಷದ ಬಳಿಕ, 1914ರ ಡಿಸೆಂಬರ್ 24ರಂದು, ಲಾಸ್ ಏಂಜಲೀಸಿನ ಆಸ್ಪತ್ರೆಯಲ್ಲಿ ನ್ಯುಮೋನಿಯದಿಂದ ಮ್ಯೂರ್ ತೀರಿಕೊಂಡನು. ಅಲಾಸ್ಕ ಪ್ರವಾಸದ ಪುಸ್ತಕದ ಹಸ್ತಪ್ರತಿಯ ಕೆಲಸ ಇನ್ನೂ ಮುಗಿದಿರಲಿಲ್ಲ. ಮರುವರ್ಷ ಅದು ಪ್ರಕಟವಾಯಿತು. 1923ರಲ್ಲಿ ಅಣೆಕಟ್ಟು ಪೂರ್ಣಗೊಂಡು ಹೆಚ್‌ ಹೆಚಿ ನೀರಿನಡಿ ಸೇರಿತು. ಇಂದಿಗೂ ಸ್ಯಾನ್‌ಫ್ರಾನ್ಸಿಸ್ಕೊ ಆ ನೀರನ್ನೇ ಕುಡಿಯುತ್ತದೆ.

ಮಹನೀಯರ ಚರಿತ್ರೆಯನ್ನು ಓದುವಾಗ ಅವರ ಕುರುಡುಗಳನ್ನೂ ಕಾಣಬೇಕು. ಯೊಸೆಮಿಟಿ ನಿರ್ಜನವಾಗಿರಲಿಲ್ಲ. ಕಣಿವೆಗೆ ಅವಾನಿ ಎಂಬ ಹೆಸರಿಟ್ಟು, ಓಕ್ ಮರದ ಕಾಯಿಗಳನ್ನು ಆಯ್ದು ಕುಟ್ಟಿ ಉಣ್ಣುತ್ತ, ಹದವಾಗಿ ಬೆಂಕಿ ಹಾಕಿ ಹುಲ್ಲುಗಾವಲನ್ನು ತೆರೆದಿಡುತ್ತ ಬಾಳಿದ ಮೂಲನಿವಾಸಿಗಳು ಅಲ್ಲಿದ್ದರು. 1851ರಲ್ಲಿ ಸಶಸ್ತ್ರ ಪಡೆಯೊಂದು ಅವರ ಊರುಗಳನ್ನು ಸುಟ್ಟು ಅವರನ್ನು ಓಡಿಸಿತ್ತು. ಕಲ್ಲಿನ ಗೀರನ್ನು ಅಷ್ಟು ಸೂಕ್ಷ್ಮವಾಗಿ ಓದಿದ ಮ್ಯೂರ್, ಅಲ್ಲಲ್ಲಿ ಉಳಿದಿದ್ದ ಆ ಜನರನ್ನು ತನ್ನ ಮೊದಲ ಬೇಸಿಗೆಯ ಬರಹದಲ್ಲಿ ತಿರಸ್ಕಾರದಿಂದಲೇ ಚಿತ್ರಿಸಿದನು. ಅಲಾಸ್ಕದಲ್ಲಿ ಟ್ಲಿಂಗಿಟ್ ಜನರೊಂದಿಗೆ ಉಂಡು ಅಲೆದ ಮೇಲೆ ಅವನ ದೃಷ್ಟಿ ಬಹಳಷ್ಟು ಮಿದುವಾಯಿತು. ಅವನೇ ಕಟ್ಟಿದ ಸಿಯೆರಾ ಕ್ಲಬ್ 2020ರಲ್ಲಿ ಈ ದೋಷವನ್ನು ಬಹಿರಂಗವಾಗಿ ಒಪ್ಪಿಕೊಂಡಿತು.

ವಿಜ್ಞಾನದಲ್ಲೂ ಅವನ ಮಾತೆಲ್ಲವೂ ನಿಲ್ಲಲಿಲ್ಲ. 1930ರಲ್ಲಿ ಫ್ರಾಂಸ್ವಾ ಮ್ಯಾಥೆಸ್ ಎಂಬ ಭೂವಿಜ್ಞಾನಿ ದೀರ್ಘ ಅಧ್ಯಯನದ ಫಲವನ್ನು ಪ್ರಕಟಿಸಿ, ಹಿಮನದಿಗಳ ಪಾತ್ರದ ವಿಷಯದಲ್ಲಿ ಮ್ಯೂರ್ ಹೇಳಿದ್ದು ಮೂಲತಃ ಸರಿ, ವಿಟ್ನಿಯ ಕುಸಿತದ ಸಿದ್ಧಾಂತ ತಪ್ಪು ಎಂದು ತೋರಿಸಿದನು. ಜೊತೆಗೆ, ಹಿಮ ಬರುವ ಮುನ್ನವೇ ನದಿ ಕಣಿವೆಯನ್ನು ಆಳವಾಗಿ ಕೊರೆದಿತ್ತು, ಮ್ಯೂರ್ ಭಾವಿಸಿದಂತೆ ಹಿಮವು ಎಲ್ಲವನ್ನೂ ಮುಚ್ಚಿರಲಿಲ್ಲ, ಹಾಫ್ ಡೋಮ್‌ನ ನೆತ್ತಿ ಹಿಮದ ಮೇಲೆಯೇ ತಲೆಯೆತ್ತಿ ನಿಂತಿತ್ತು ಎಂಬುದನ್ನೂ ಸ್ಥಾಪಿಸಿದನು. ಗೋಡೆಗಳು ಇಷ್ಟು ನೆಟ್ಟಗಿರುವುದಕ್ಕೆ ಗ್ರಾನೈಟ್‌ನೊಳಗಿನ ಸಹಜ ಬಿರುಕುಗಳ ಸಾಲೂ ಕಾರಣ. ಹಿಮ ಕರಗಿದ ಮೇಲೆ ನಿಂತ ಸರೋವರ ಹೂಳಿನಿಂದ ತುಂಬಿದ್ದರಿಂದ ಕಣಿವೆಯ ನೆಲ ಇಂದು ಸಮತಟ್ಟಾಗಿದೆ. ಒಳ್ಳೆಯ ಓದು ಮುಂದಿನವರಿಗೆ ತಿದ್ದಲು ಅವಕಾಶ ಕೊಡುತ್ತದೆ. ವಿಟ್ನಿಯ ಸಿದ್ಧಾಂತವನ್ನು ಬಿಡಬೇಕಾಯಿತು, ಮ್ಯೂರ್‌ನದನ್ನು ತಿದ್ದಿದರೆ ಸಾಕಾಯಿತು.

ಯೊಸೆಮಿಟಿಗೆ ಹೋಗುವ ಪ್ರವಾಸಿ ಇಂದು ಕಣಿವೆಯ ಗಲಾಟೆಯನ್ನು ಬಿಟ್ಟು ಟ್ವಾಲಮಿಗೆ ಏರಿದರೆ, ಮ್ಯೂರ್ ಕಂಡ ಹೊಳೆಯುವ ಹಾಸುಗಳನ್ನೂ ನೇರ ಗೀರುಗಳನ್ನೂ ಕೈಯಿಂದ ಸವರಿ ನೋಡಬಹುದು. ಅಲ್ಲಿಂದಾಚೆ ಲಯೆಲ್ ಮತ್ತು ಮೆಕ್ಲೂರ್ ಶಿಖರಗಳ ಮಡಿಲಿನಲ್ಲಿ ಉದ್ಯಾನದ ಕೊನೆಯ ಹಿಮನದಿಗಳಿವೆ. ಉದ್ಯಾನದ ವಿಜ್ಞಾನಿಗಳು ಅಲ್ಲಿ ಮತ್ತೆ ಗೂಟಗಳನ್ನು ನೆಟ್ಟು ಅಳೆದರು. ಮೆಕ್ಲೂರ್ ಹಿಮನದಿ ಬಹಳ ಕುಗ್ಗಿದ್ದರೂ, 1872ರಲ್ಲಿದ್ದಂತೆ ಆಗಲೂ ದಿನಕ್ಕೆ ಸುಮಾರು ಒಂದಂಗುಲದ ವೇಗದಲ್ಲಿ ಸರಿಯುತ್ತಿತ್ತು. ಪಕ್ಕದ ಲಯೆಲ್ ಹಿಮನದಿ ತೆಳುವಾಗಿ ಚಲನೆಯನ್ನೇ ಕಳೆದುಕೊಂಡಿದೆಯೆಂದು 2013ರಲ್ಲಿ ಪ್ರಕಟಿಸಲಾಯಿತು. ಚಲಿಸದ ಹಿಮವನ್ನು ಹಿಮನದಿಯೆಂದು ಕರೆಯುವಂತಿಲ್ಲ. ಅಂದು ವಿರೋಧಿಗಳು ಅವಹೇಳನದಿಂದ ಆಡಿದ್ದ ಮಾತು, ಇದು ಬರಿಯ ಹಿಮದ ರಾಶಿ ಎಂಬುದು, ನೂರನಲವತ್ತು ವರ್ಷಗಳ ನಂತರ ಒಂದು ಹಿಮನದಿಯ ಮಟ್ಟಿಗೆ ನಿಜವಾಯಿತು. ಅದು ಬದುಕಿದ್ದಾಗ ಹೇಗಿತ್ತೆಂದು ತಿಳಿಯಬಯಸುವವರು ಈಗ ಮ್ಯೂರ್‌ನ ಪುಸ್ತಕಗಳನ್ನೇ ತೆರೆಯಬೇಕಾಗಿದೆ.